ಪ್ರಾಕ್ಟಿಕಲ್ ಪಿಸ್ತೂಲ್ ಕೋಚಿಂಗ್: ಎರಡು ದಿನದ ಕೋರ್ಸ್ ಹೇಗಿತ್ತು, ಯಾರಿಗೆ ಬೇಕು

ಮೊದಲೇ ಹೇಳಿಬಿಡುತ್ತೇನೆ, ಕೋರ್ಸ್ ಚೆನ್ನಾಗಿತ್ತು. ಕೊಟ್ಟ ದುಡ್ಡಿಗೂ ಖರ್ಚಾದ ಗುಂಡಿಗೂ ಮೋಸ ಇಲ್ಲ. ಆದರೆ ಎಲ್ಲರೂ ಹೋಗಬೇಕಾದ ಕೋರ್ಸ್ ಇದಲ್ಲ. ಇಷ್ಟವಾಗದ ವಿಷಯಗಳೂ ಇವೆ, ಅವನ್ನೂ ಬರೆಯುತ್ತೇನೆ. ಕೋಚ್ ಹೆಸರು ಹಾಕುತ್ತಿಲ್ಲ. ಯಾಕಂದರೆ ನಾನು ಹೇಳಬೇಕಾಗಿರುವುದು ಕಲಿಸುವ ರೀತಿಯ ಬಗ್ಗೆ, ಅದನ್ನು ನೋಡಿಕೊಂಡು ನೀವು ಯಾವ ಕೋಚ್ ಹತ್ತಿರ ಬೇಕಾದರೂ ಹೋಗಬಹುದು. ನನ್ನ ಮಟ್ಟಿಗೆ ಒಳ್ಳೆ ಕೋಚ್ ಅಂದರೆ ಟಾರ್ಗೆಟ್ಟಿನಲ್ಲಿ ಬಿದ್ದ ತೂತು ನೋಡುವುದಕ್ಕಿಂತ ಜಾಸ್ತಿ ಹೊತ್ತು ಶೂಟರನ್ನು ನೋಡುವವರು. ಇವರು ಹಾಗೆ ನೋಡುತ್ತಾರೆ.

ಒಲಿಂಪಿಕ್ಸ್‌ನ 10 ಮೀಟರ್ ಪಿಸ್ತೂಲ್ ಮಾತ್ರ ನೋಡಿದವರಿಗೆ ಈ ಆಟ ಬೇರೆಯದೇ ಅನ್ನಿಸುತ್ತದೆ. ಇಲ್ಲಿ ಪಿಸ್ತೂಲ್ ಸೊಂಟದ ಹೋಲ್‌ಸ್ಟರ್‌ನಲ್ಲಿರುತ್ತದೆ. ಟೈಮರ್ ಬೀಪ್ ಅಂದ ಮೇಲೆ ತೆಗೆದು, ಓಡಿ, ಗೋಡೆಯ ಸಂದಿಯಿಂದ ಬಗ್ಗಿ, ಓಡುತ್ತಲೇ ಮ್ಯಾಗಜೀನ್ ಬದಲಿಸಿ ಅಷ್ಟೂ ಟಾರ್ಗೆಟ್ ಹೊಡೆದು ಮುಗಿಸಬೇಕು. ಇದನ್ನು ನಡೆಸುವ ಅಂತರರಾಷ್ಟ್ರೀಯ ಸಂಸ್ಥೆ ಐಪಿಎಸ್‌ಸಿ, ಅಂದರೆ ಇಂಟರ್‌ನ್ಯಾಷನಲ್ ಪ್ರಾಕ್ಟಿಕಲ್ ಶೂಟಿಂಗ್ ಕಾನ್ಫೆಡರೇಶನ್. 1976ರಲ್ಲಿ ಅಮೆರಿಕದ ಕೊಲಂಬಿಯಾ ಅನ್ನುವ ಊರಿನಲ್ಲಿ ಶುರುವಾಯಿತು, ಜೆಫ್ ಕೂಪರ್ ಅದರ ಮೊದಲ ಅಧ್ಯಕ್ಷ. ನಿಖರತೆ, ಶಕ್ತಿ, ವೇಗ, ಈ ಮೂರನ್ನೂ ಸಮನಾಗಿ ತೂಗಬೇಕು ಅನ್ನುವುದು ಅದರ ಮೂಲ ತತ್ವ. ಅದಕ್ಕೇ ಇಲ್ಲಿ ಬರೀ ನಿಧಾನವಾಗಿ ನಡುಮಧ್ಯಕ್ಕೆ ಹೊಡೆಯುವವರೂ ಗೆಲ್ಲುವುದಿಲ್ಲ, ಬರೀ ಬಿರುಸಾಗಿ ಹೊಡೆಯುವವರೂ ಗೆಲ್ಲುವುದಿಲ್ಲ.

ಮೊದಲ ದಿನ ಬೆಳಗ್ಗೆ ಪೂರ್ತಿ ಸುರಕ್ಷತೆ. ಇದನ್ನು ಹತ್ತು ನಿಮಿಷದಲ್ಲಿ ಮುಗಿಸುವ ಕೋಚ್‌ಗಳಿದ್ದಾರೆ. ಕಾಗದಕ್ಕೆ ಸಹಿ ಹಾಕಿಸಿಕೊಂಡು ಸೀದಾ ಫೈರಿಂಗ್ ಲೈನ್‌ಗೆ ಕರೆದುಕೊಂಡು ಹೋಗುತ್ತಾರೆ. ಇವರು ಹಾಗೆ ಮಾಡಲಿಲ್ಲ. ನಿಯಮಗಳು ಎಲ್ಲರಿಗೂ ಗೊತ್ತಿರುತ್ತವೆ ಅಲ್ವಾ? ನಳಿಗೆ ಯಾವತ್ತೂ ಮಣ್ಣಿನ ದಿಬ್ಬದ ಕಡೆಗೇ ಇರಬೇಕು, ಎಡಕ್ಕಾಗಲಿ ಬಲಕ್ಕಾಗಲಿ 90 ಡಿಗ್ರಿ ದಾಟಬಾರದು. ಓಡುವಾಗ, ಮ್ಯಾಗಜೀನ್ ಬದಲಿಸುವಾಗ ಬೆರಳು ಟ್ರಿಗರ್ ಗಾರ್ಡ್‌ನಿಂದ ಆಚೆ ಇರಬೇಕು. ಪಿಸ್ತೂಲ್ ಕೈಜಾರಿ ಬಿದ್ದರೆ ಆವತ್ತಿನ ಮ್ಯಾಚ್ ಮುಗಿಯಿತು, ಮನೆಗೆ ಹೋಗಬೇಕು. ಗೊತ್ತಿರುವ ಈ ನಿಯಮಗಳು ಯಾವ ಜಾಗದಲ್ಲಿ, ಯಾವ ಚಲನೆಯಲ್ಲಿ ಮುರಿಯುತ್ತವೆ ಅಂತ ಇವರು ಮಾಡಿ ತೋರಿಸಿದರು.

ಒಂದು ಉದಾಹರಣೆ ಕೊಡುತ್ತೇನೆ. ಬಲಗೈ ಶೂಟರ್ ಬಲದಿಂದ ಎಡಕ್ಕೆ ಓಡುತ್ತಾ ಮ್ಯಾಗಜೀನ್ ಬದಲಿಸುತ್ತಾನೆ ಅಂದುಕೊಳ್ಳಿ. ಹೊಸ ಮ್ಯಾಗಜೀನ್ ಎಡಗೈಯಲ್ಲಿ ಬರುತ್ತದೆ, ಅದನ್ನು ಒಳಗೆ ಹಾಕಲು ಅನುಕೂಲವಾಗಲಿ ಅಂತ ಬಲಗೈ ಪಿಸ್ತೂಲನ್ನು ತಾನಾಗಿಯೇ ಎಡಕ್ಕೆ ತಿರುಗಿಸುತ್ತದೆ. ನಿಂತಲ್ಲೇ ಇದ್ದರೆ ಏನೂ ತೊಂದರೆ ಇಲ್ಲ. ಆದರೆ ಓಡುವಾಗ ಮೈಯೂ ಎಡಕ್ಕೆ ತಿರುಗಿರುತ್ತದೆ. ಎರಡೂ ಸೇರಿದರೆ ನಳಿಗೆ 90 ಡಿಗ್ರಿ ದಾಟಿ ಹಿಂದೆ ನಿಂತವರ ಕಡೆ ಹೊರಳುತ್ತದೆ, ಶೂಟರ್‌ಗೆ ಅದು ಗೊತ್ತೇ ಆಗುವುದಿಲ್ಲ. ನಮ್ಮ ಬ್ಯಾಚಿನಲ್ಲಿ ಒಬ್ಬರಿಗೆ ಖಾಲಿ ಪಿಸ್ತೂಲಿನಲ್ಲೇ ಹೀಗೆ ಆಗುತ್ತಿತ್ತು. ಕೋಚ್ ಬೈಯಲಿಲ್ಲ. ಅವರನ್ನು ಅರ್ಧ ದಾರಿಯಲ್ಲೇ ನಿಲ್ಲಿಸಿ, "ಕದಲಬೇಡಿ, ಈಗ ನಿಮ್ಮ ಕೈ ಮಾತ್ರ ನೋಡಿಕೊಳ್ಳಿ" ಅಂದರು. ಆಮೇಲೆ ಮಣಿಕಟ್ಟನ್ನು ದಿಬ್ಬದ ಕಡೆಗೆ ತಿರುಗಿಸಿಟ್ಟುಕೊಂಡು, ಪಿಸ್ತೂಲನ್ನು ಮುಖದ ಮುಂದೆಯೇ ಎತ್ತಿ ಹಿಡಿದು, ಮೊದಲು ನಡೆಯುತ್ತಾ, ಆಮೇಲೆ ಓಡುತ್ತಾ ಅದೇ ಬದಲಾವಣೆ ಮಾಡಿಸಿದರು. ತಪ್ಪದೆ ಬರುವವರೆಗೂ ಅವರಿಗೆ ಗುಂಡು ತುಂಬಲು ಬಿಡಲಿಲ್ಲ. ಬೇರೆಯವರು ಕಾಯಬೇಕಾಯಿತು, ಯಾರೂ ಗೊಣಗಲಿಲ್ಲ.

ಗುಂಡು ಹಾರಿಸುವ ಪಾಠ ಶುರುವಾಗಿದ್ದು 7 ಮೀಟರಿನಿಂದ, ಒಂದೇ ಟಾರ್ಗೆಟ್, ಎರಡೆರಡು ಗುಂಡು. ಇದಕ್ಕೆ ಡಬಲ್ಸ್ ಅನ್ನುತ್ತಾರೆ. ಎರಡು ಥರ ಹೊಡೆಸಿದರು. ಮೊದಲನೆಯದು, ಒಂದು ಗುಂಡು ಹೋದ ಮೇಲೆ ಸೈಟ್ (ಪಿಸ್ತೂಲಿನ ಮೇಲೆ ಗುರಿ ಹಿಡಿಯಲು ಇರುವ ಭಾಗ) ವಾಪಸ್ ಬಂದಿದ್ದನ್ನು ಕಣ್ಣಲ್ಲಿ ನೋಡಿಯೇ ಇನ್ನೊಂದು ಹೊಡೆಯುವುದು. ಎರಡನೆಯದು, ಅದಕ್ಕೆ ಕಾಯದೆ ಕೈ ಎಷ್ಟು ಬೇಗ ಹೊಡೆಯುತ್ತದೋ ಅಷ್ಟು ಬೇಗ ಹೊಡೆದುಬಿಡುವುದು. ಈ ಎರಡನೆಯದರಲ್ಲಿ ಎಲ್ಲರ ಬಣ್ಣ ಬಯಲಾಗುತ್ತದೆ. ನಿಧಾನವಾಗಿ ಹೊಡೆದರೆ ಮುಚ್ಚಿಹೋಗುವ ಗ್ರಿಪ್ ದೋಷವೆಲ್ಲ ಇಲ್ಲಿ ಎರಡನೇ ಗುಂಡಿನ ಜಾಗದಲ್ಲಿ ಎದ್ದು ಕಾಣುತ್ತದೆ.

ಟಾರ್ಗೆಟ್ಟಿನ ನಡುಭಾಗ ಎ ವಲಯ, ಅದರ ಸುತ್ತ ಸಿ, ಹೊರ ಅಂಚು ಡಿ. ನನ್ನ ಪಕ್ಕದ ಲೈನಿನಲ್ಲಿದ್ದವರಿಗೆ ಮೊದಲ ಗುಂಡು ಎ ವಲಯದಲ್ಲಿ, ಎರಡನೆಯದು ಕೆಳಗೆ ಎಡಕ್ಕೆ ಡಿ ವಲಯದಲ್ಲಿ ಬೀಳುತ್ತಿತ್ತು. ಪ್ರತಿ ಸಲವೂ ಅಷ್ಟೇ. ಬಲಗೈ ಶೂಟರ್‌ಗಳಲ್ಲಿ ಇದು ತುಂಬಾ ಸಾಮಾನ್ಯ. ಇದಕ್ಕೆ ಎಲ್ಲರೂ ಹೇಳುವ ಮದ್ದು "ಟ್ರಿಗರ್ ಮೆತ್ತಗೆ ಒತ್ತಿ" ಅಂತ. ನಿಧಾನವಾಗಿ ಹೊಡೆಯುವಾಗ ಅದು ಸರಿ, 0.20 ಸೆಕೆಂಡಿನಲ್ಲಿ ಎರಡನೇ ಗುಂಡು ಹೋಗಬೇಕಾದಾಗ ಮೆತ್ತಗೆ ಒತ್ತಲು ಪುರುಸೊತ್ತು ಎಲ್ಲಿದೆ? ಈ ಕೋಚ್ ಟಾರ್ಗೆಟ್ ಕಡೆ ತಿರುಗಿಯೂ ನೋಡದೆ ಅವರ ಪಕ್ಕಕ್ಕೆ ಬಂದು ಮುಂಗೈಯನ್ನೇ ನೋಡುತ್ತಾ ನಿಂತರು. ಆಮೇಲೆ ತೋರಿಸಿದರು: ತೋರುಬೆರಳು ಟ್ರಿಗರ್ ಎಳೆಯುವಾಗ ಉಳಿದ ಮೂರು ಬೆರಳೂ ಜೊತೆಗೇ ಬಿಗಿಯುತ್ತಿವೆ, ಕಿರುಬೆರಳು ಎಲ್ಲಕ್ಕಿಂತ ಜಾಸ್ತಿ. ಆ ಬಿಗಿತವೇ ನಳಿಗೆಯನ್ನು ಕೆಳಕ್ಕೆ ಎಡಕ್ಕೆ ಎಳೆಯುತ್ತಿದೆ. ಟ್ರಿಗರ್ ತಂಟೆಗೇ ಅವರು ಹೋಗಲಿಲ್ಲ. ಎಡಗೈ ಹಿಡಿತ ಇನ್ನೂ ಗಟ್ಟಿ ಮಾಡಿಸಿದರು, ಬೀಪ್‌ಗೂ ಮುಂಚೆಯಿಂದ ಕೊನೆಯ ಗುಂಡಿನವರೆಗೂ ಎರಡು ಕೈಯ ಒತ್ತಡ ಒಂದೇ ಸಮ ಇರಬೇಕು, ನಡುವೆ ಏರಬಾರದು ಇಳಿಯಬಾರದು ಅಂದರು. ಮಧ್ಯಾಹ್ನದ ಹೊತ್ತಿಗೆ ಅವರ ಎರಡನೇ ಗುಂಡುಗಳು ಹೆಚ್ಚಿನವು ಎ ವಲಯದೊಳಗೆ, ಒಂದೆರಡು ಸಿ ವಲಯದಲ್ಲಿ. ಇಂಥದ್ದನ್ನು ವೀಡಿಯೊ ನೋಡಿ ಕಲಿಯುವುದು ಕಷ್ಟ. ಎಷ್ಟು ಗಟ್ಟಿ ಹಿಡಿಯಬೇಕು ಅನ್ನುವುದು ಪರದೆಯ ಮೇಲೆ ಕಾಣುವುದಿಲ್ಲ. ಇವರು ನಮ್ಮ ಕೈ ಮೇಲೆ ತಮ್ಮ ಕೈ ಇಟ್ಟು, ಇಷ್ಟು ಒತ್ತಡ ಅಂತ ಹಿಂಡಿ ತೋರಿಸಿದರು. ನನಗೆ ಇಡೀ ಕೋರ್ಸಿನಲ್ಲಿ ಅತಿ ಹೆಚ್ಚು ಉಪಯೋಗವಾದ ಅರ್ಧ ನಿಮಿಷ ಅದು.

ಇನ್ನೊಂದು ಇಷ್ಟವಾದ ಪಾಠ, ಹೊಡೆದ ಗುಂಡು ಎಲ್ಲಿ ಬಿತ್ತು ಅಂತ ಟಾರ್ಗೆಟ್ ನೋಡದೆ ಹೇಳುವುದು. ಗುಂಡು ಹೊರಟ ಕ್ಷಣದಲ್ಲಿ ಸೈಟ್ ಎಲ್ಲಿತ್ತು ಅಂತ ಕಣ್ಣು ಹಿಡಿದಿಟ್ಟುಕೊಂಡರೆ ಇದು ಸಾಧ್ಯ. ಪ್ರತಿಯೊಬ್ಬರಿಂದಲೂ ಎರಡು ಗುಂಡು ಹೊಡೆಸಿ, ಕೂಡಲೇ "ಎಲ್ಲಿ ಹೋಯಿತು, ಹೇಳಿ" ಅಂತ ಕೇಳುತ್ತಿದ್ದರು. ಇದೆಲ್ಲ ಯಾಕೆ ಅಂದರೆ, ಐಪಿಎಸ್‌ಸಿಯ ಸಾಮಾನ್ಯ ಸ್ಟೇಜ್‌ನಲ್ಲಿ (ಮ್ಯಾಚಿನ ಒಂದೊಂದು ಸುತ್ತಿಗೆ ಸ್ಟೇಜ್ ಅನ್ನುತ್ತಾರೆ) ಎಷ್ಟು ಗುಂಡು ಬೇಕಾದರೂ ಹೊಡೆಯಬಹುದು, ಒಂದು ಕಾಗದದ ಟಾರ್ಗೆಟ್ಟಿಗೆ ಸಾಮಾನ್ಯವಾಗಿ ಒಳ್ಳೆಯ ಎರಡು ಹೊಡೆತ ಲೆಕ್ಕಕ್ಕೆ ಬರುತ್ತವೆ. ಮಿಸ್ ಆಗಿದ್ದು ಆ ಕ್ಷಣಕ್ಕೇ ಗೊತ್ತಾದರೆ ಅಲ್ಲೇ ಇನ್ನೊಂದು ಹಾಕಿ ಸರಿಪಡಿಸಿಕೊಳ್ಳಬಹುದು. ಸ್ಟೇಜ್ ಮುಗಿದು, "ರೇಂಜ್ ಈಸ್ ಕ್ಲಿಯರ್" ಅಂದ ಮೇಲೆ ಅಂಕ ಬರೆಯುವವರ ಹಿಂದೆ ನಡೆದುಕೊಂಡು ಹೋಗಿ ನೋಡಿ ಬೇಸರ ಮಾಡಿಕೊಂಡರೆ ಏನು ಬಂತು?

ಮೊದಲ ದಿನದ ಕೊನೆಯಲ್ಲಿ ಬೋರ್ಡ್ ಮೇಲೆ ಹಿಟ್ ಫ್ಯಾಕ್ಟರ್ ಲೆಕ್ಕ ಮಾಡಿಸಿದರು. ಇದನ್ನು ಸ್ವಲ್ಪ ಬಿಡಿಸಿ ಬರೆಯುತ್ತೇನೆ, ಯಾಕಂದರೆ ವರ್ಷಗಟ್ಟಲೆ ಮ್ಯಾಚ್ ಆಡಿದವರೂ ಇದನ್ನು ಕೂತು ಲೆಕ್ಕ ಹಾಕಿರುವುದಿಲ್ಲ. ಸ್ಟೇಜ್‌ನಲ್ಲಿ ಬಂದ ಅಂಕವನ್ನು ತೆಗೆದುಕೊಂಡ ಸೆಕೆಂಡುಗಳಿಂದ ಭಾಗಿಸಿದರೆ ಬರುವುದು ಹಿಟ್ ಫ್ಯಾಕ್ಟರ್. ಅದು ಯಾರದು ಜಾಸ್ತಿಯೋ ಅವರು ಆ ಸ್ಟೇಜ್ ಗೆದ್ದ ಹಾಗೆ. ಪವರ್ ಫ್ಯಾಕ್ಟರ್ ಅಂದರೆ ಗುಂಡಿನ ಶಕ್ತಿಯ ಅಳತೆ, ಕಡಿಮೆ ಶಕ್ತಿಯದು ಮೈನರ್, ಹೆಚ್ಚಿನದು ಮೇಜರ್. ಮೈನರ್ ಪವರ್ ಫ್ಯಾಕ್ಟರ್‌ನಲ್ಲಿ ಎ ವಲಯಕ್ಕೆ 5, ಸಿಗೆ 3, ಡಿಗೆ 1. ಮೇಜರ್ ಆದರೆ ಸಿಗೆ 4, ಡಿಗೆ 2. ಮಿಸ್ ಆದರೆ 10 ಅಂಕ ಕಳೆಯುತ್ತಾರೆ, ಹೊಡೆಯಬಾರದ ಟಾರ್ಗೆಟ್ಟಿಗೆ ತಗುಲಿದರೂ 10.

ಈಗ 12 ಗುಂಡಿನ ಒಂದು ಸ್ಟೇಜ್ ತೆಗೆದುಕೊಳ್ಳಿ, ಪೂರ್ತಿ ಅಂಕ 60. ಒಬ್ಬರು ಮೈನರ್‌ನಲ್ಲಿ 10 ಎ, 2 ಸಿ ಹೊಡೆದು 8 ಸೆಕೆಂಡಿನಲ್ಲಿ ಮುಗಿಸಿದರು. 56 ಅಂಕ, ಹಿಟ್ ಫ್ಯಾಕ್ಟರ್ 7. ಇನ್ನೊಬ್ಬರು 12ಕ್ಕೆ 12 ಎ ಹೊಡೆದರು, ಆದರೆ 8.8 ಸೆಕೆಂಡ್ ತೆಗೆದುಕೊಂಡರು. 60 ಅಂಕ, ಹಿಟ್ ಫ್ಯಾಕ್ಟರ್ 6.82. ಪೂರ್ತಿ ಅಂಕ ತೆಗೆದವರು ಸೋತರು. ಹಾಗಾದರೆ ಸುಮ್ನೆ ಓಡಿಬಿಡೋಣ ಅನ್ನಬೇಡಿ. ಹಿಟ್ ಫ್ಯಾಕ್ಟರ್ 7 ಇರುವ ಸ್ಟೇಜ್‌ನಲ್ಲಿ ಒಂದು ಸೆಕೆಂಡಿನ ಬೆಲೆ 7 ಅಂಕ. ಎ ಬದಲು ಸಿ ಹೊಡೆದರೆ ಹೋಗುವುದು 2 ಅಂಕ, ಅಂದರೆ ಸುಮಾರು 0.29 ಸೆಕೆಂಡ್. ಡಿ ಹೊಡೆದರೆ 4 ಅಂಕ, 0.57 ಸೆಕೆಂಡ್. ಮಿಸ್ ಆದರೆ ಸಿಗಬೇಕಿದ್ದ 5 ಕೂಡ ಹೋಯಿತು, ದಂಡ 10 ಕೂಡ ಬಿತ್ತು, ಒಟ್ಟು 15 ಅಂಕ, ಎರಡು ಸೆಕೆಂಡಿಗಿಂತ ಜಾಸ್ತಿ. ಬರೀ ಬೆರಳಿನ ವೇಗದಿಂದ ಅಷ್ಟನ್ನು ವಾಪಸ್ ಗಳಿಸುವುದು ಯಾರಿಗೂ ಆಗದ ಮಾತು. ಅದೇ ಹಿಟ್ ಫ್ಯಾಕ್ಟರ್ 3ರ ಆಸುಪಾಸಿನ ಉದ್ದ ಓಟದ, ದೂರದ ಟಾರ್ಗೆಟ್ಟಿನ ಸ್ಟೇಜ್ ಆದರೆ ಒಂದು ಸಿ ಬೆಲೆ 0.67 ಸೆಕೆಂಡ್. ಅಲ್ಲಿ ಅರ್ಧ ಸೆಕೆಂಡ್ ಜಾಸ್ತಿ ನಿಂತು ಎ ಹೊಡೆಯುವುದೇ ಲಾಭ. ಪ್ರತಿ ಸ್ಟೇಜ್ ನೋಡಿದ ಕೂಡಲೇ ಇದು ಹೆಚ್ಚಿನ ಹಿಟ್ ಫ್ಯಾಕ್ಟರ್‌ನದ್ದೋ ಕಡಿಮೆಯದೋ ಅಂತ ಅಂದಾಜು ಮಾಡಿ ಅಂದರು. ಎಲ್ಲೆಲ್ಲಿ ಎಷ್ಟು ಆತುರ ಪಡಬಹುದು ಅನ್ನುವುದಕ್ಕೆ ನನಗೆ ಇಷ್ಟು ಸ್ಪಷ್ಟವಾದ ಉತ್ತರ ಬೇರೆ ಯಾರೂ ಕೊಟ್ಟಿರಲಿಲ್ಲ.

ಎರಡನೇ ದಿನ ಓಟ ಮತ್ತು ಸ್ಟೇಜ್ ಪ್ಲಾನಿಂಗ್. ಇಲ್ಲೂ ಲೆಕ್ಕದಿಂದಲೇ ಶುರು ಮಾಡಿದರು. ಐಪಿಎಸ್‌ಸಿಯಲ್ಲಿ ಲಾಂಗ್ ಕೋರ್ಸ್‌ಗೆ, ಅಂದರೆ ಅತಿ ಉದ್ದದ ಬಗೆಯ ಸ್ಟೇಜ್‌ಗೆ, ಗರಿಷ್ಠ 32 ಗುಂಡು. 16 ಕಾಗದದ ಟಾರ್ಗೆಟ್, ಒಂದೊಂದಕ್ಕೆ ಎರಡು. ಎರಡು ಗುಂಡಿನ ನಡುವಿನ ಸಮಯವನ್ನು 0.25ರಿಂದ 0.20 ಸೆಕೆಂಡಿಗೆ ಇಳಿಸಲು ತಿಂಗಳುಗಟ್ಟಲೆ ಒದ್ದಾಡಿದರೂ ಇಡೀ ಸ್ಟೇಜ್‌ನಲ್ಲಿ ಉಳಿಯುವುದು 0.8 ಸೆಕೆಂಡ್. ಒಂದು ಜಾಗಕ್ಕೆ ಓಡಿ ಬಂದು ನಿಂತು, ಆಮೇಲೆ ಪಿಸ್ತೂಲ್ ಎತ್ತಿ, ಆಮೇಲೆ ಟಾರ್ಗೆಟ್ ಹುಡುಕುವವರು ಅಷ್ಟನ್ನು ಒಂದೇ ಜಾಗದಲ್ಲಿ ಕಳೆದುಕೊಳ್ಳುತ್ತಾರೆ. ಲಾಂಗ್ ಕೋರ್ಸ್‌ನಲ್ಲಿ ಅಂಥ ಜಾಗ ನಾಲ್ಕೈದು ಇರುತ್ತವೆ.

ಹಾಗಾಗಿ ಆ ದಿನ ಗುಂಡು ಕಡಿಮೆ, ಕಾಲಿನ ಕೆಲಸ ಜಾಸ್ತಿ. ಕೊನೆಯ ಎರಡು ಹೆಜ್ಜೆ ಇರುವಾಗಲೇ ಪಿಸ್ತೂಲ್ ಕಣ್ಣಿನ ಮಟ್ಟಕ್ಕೆ ಬಂದಿರಬೇಕು, ಟಾರ್ಗೆಟ್ ಕಾಣುವ ಹೊತ್ತಿಗೆ ಸೈಟೂ ಅಲ್ಲೇ ಇರಬೇಕು, ಮಂಡಿ ಬಗ್ಗಿರಬೇಕು. ಹೊರಡುವಾಗ ಕೊನೆಯ ಗುಂಡು ಹೊಡೆಯುತ್ತಿರುವಾಗಲೇ ಮೈಭಾರ ಮುಂದಿನ ದಿಕ್ಕಿಗೆ ವಾಲಿರಬೇಕು. ಇಬ್ಬಿಬ್ಬರನ್ನು ಜೋಡಿ ಮಾಡಿ, ಒಬ್ಬರು ಓಡುವಾಗ ಇನ್ನೊಬ್ಬರು ಫೋನಿನಲ್ಲಿ ವೀಡಿಯೊ ತೆಗೆಯಬೇಕು, ಆಮೇಲೆ ಟೈಮರ್ ಜೊತೆ ಇಟ್ಟು ನೋಡಬೇಕು. ವೀಡಿಯೊದಲ್ಲಿ ಕಾಲು ನಿಂತ ಕ್ಷಣಕ್ಕೂ ಮೊದಲ ಗುಂಡಿನ ಸದ್ದಿಗೂ ನಡುವಿನ ಅಂತರ ಕಾಣುತ್ತದೆ. ಅದು ಕಂಡ ಮೇಲೆ ಕೋಚ್ ಏನೂ ಹೇಳಬೇಕಾಗಿಯೇ ಇರಲಿಲ್ಲ, ಎಲ್ಲರೂ ತಾವಾಗಿ ವಾಪಸ್ ಲೈನಿಗೆ ಹೋಗಿ ನಿಂತರು.

ಸ್ಟೇಜ್ ಪ್ಲಾನಿಂಗ್ ಪಾಠವೂ ಒಳ್ಳೆಯದೇ. ಪ್ರೊಡಕ್ಷನ್ ಡಿವಿಷನ್‌ನಲ್ಲಿ (ಹೆಚ್ಚು ಬದಲಾವಣೆ ಮಾಡದ ಪಿಸ್ತೂಲುಗಳ ವಿಭಾಗ) ಮ್ಯಾಗಜೀನ್‌ಗೆ 15 ಗುಂಡಿನ ಮಿತಿ ಇದೆ, ಹಾಗಾಗಿ 32 ಗುಂಡಿನ ಸ್ಟೇಜ್‌ನಲ್ಲಿ ಕನಿಷ್ಠ ಎರಡು ಸಲ ಬದಲಿಸಲೇಬೇಕು. ಎಲ್ಲಿ ಬದಲಿಸಬೇಕು ಅನ್ನುವುದನ್ನು ಖಾಲಿಯಾದಾಗ ನೋಡಿಕೊಂಡರಾಯಿತು ಅಂತ ಬಿಡಬಾರದು, ಉದ್ದ ಓಟ ಎಲ್ಲಿದೆಯೋ ಅಲ್ಲಿ ಬದಲಿಸಿಬಿಡಬೇಕು, ಒಳಗೆ ನಾಲ್ಕು ಗುಂಡು ಉಳಿದಿದ್ದರೂ ಪರವಾಗಿಲ್ಲ. ಪ್ಲಾನ್ ಆದ ಮೇಲೆ ಕಣ್ಣು ಮುಚ್ಚಿಕೊಂಡು ಪ್ರತಿ ಟಾರ್ಗೆಟ್, ಪ್ರತಿ ಹೆಜ್ಜೆ, ಪ್ರತಿ ಬದಲಾವಣೆ ಮನಸ್ಸಿನಲ್ಲೇ ಓಡಿಸಬೇಕು. ಎಲ್ಲಾದರೂ ತಡವರಿಸಿದರೆ ಪ್ಲಾನ್ ಇನ್ನೂ ಗಟ್ಟಿಯಾಗಿಲ್ಲ ಅಂತ ಅರ್ಥ.

ಇನ್ನು ಇಷ್ಟವಾಗದ್ದು. ಒಬ್ಬ ಕೋಚ್‌ಗೆ ಜನ ಜಾಸ್ತಿಯಾಯಿತು. ಎರಡನೇ ದಿನ ಓಟದ ಅಭ್ಯಾಸ ಬಂದಾಗ ಒಬ್ಬೊಬ್ಬರೇ ಹೋಗಬೇಕು, ಉಳಿದವರು ನೆರಳಿನಲ್ಲಿ ನಿಂತು ಕಾಯಬೇಕು. ಇನ್ನೊಬ್ಬ ಸಹಾಯಕ ಕೋಚ್ ಇದ್ದಿದ್ದರೆ ಪಕ್ಕದ ಬೇಯಲ್ಲಿ (ರೇಂಜಿನ ಇನ್ನೊಂದು ಅಂಕಣದಲ್ಲಿ) ಇನ್ನೊಂದು ಸಾಲು ನಡೆಸಬಹುದಿತ್ತು. ಆರು ಜನಕ್ಕಿಂತ ಹೆಚ್ಚು ಇದ್ದರೆ ಒಬ್ಬರೇ ಎಲ್ಲರನ್ನೂ ಈ ಮಟ್ಟದಲ್ಲಿ ಗಮನಿಸುವುದು ಕಷ್ಟ, ಅದು ಅವರಿಗೂ ಗೊತ್ತಿರಬೇಕು.

ಎಡಗೈ ಶೂಟರ್ ಒಬ್ಬರಿದ್ದರು, ಅವರಿಗೆ ನಿಜವಾಗಿ ಅನ್ಯಾಯವಾಯಿತು. ಎಲ್ಲ ಪ್ರಾತ್ಯಕ್ಷಿಕೆ ಬಲಗೈಯವರಿಗೇ. ನಳಿಗೆ ದಿಕ್ಕಿನ ಪಾಠದಲ್ಲಿ ಅವರಿಗೆ ಅಪಾಯದ ದಿಕ್ಕೇ ಬೇರೆ, ಎಡದಿಂದ ಬಲಕ್ಕೆ ಓಡುವಾಗ. ಅವರು ಕೇಳಿದ ಮೇಲೆಯೇ ಅದು ಬಂತು. ಸುರಕ್ಷತೆಯ ವಿಷಯದಲ್ಲಿ ಕೇಳುವವರೆಗೆ ಕಾಯುವುದು ಸರಿಯಲ್ಲ. ಹಾಗೆಯೇ ಕಣ್ಣಿನ ಬಗ್ಗೆ ಹೇಳಿದ್ದೆಲ್ಲ ಡಾಟ್ (ಗಾಜಿನಲ್ಲಿ ಬೆಳಕಿನ ಚುಕ್ಕೆ ತೋರಿಸುವ ಸೈಟ್) ಇಟ್ಟುಕೊಂಡವರಿಗೆ ಹೊಂದುತ್ತದೆ. ಡಾಟ್ ಇದ್ದರೆ ಕಣ್ಣು ಟಾರ್ಗೆಟ್ ಮೇಲೇ ಇರಬೇಕು, ಅದು ಸರಿ. ಸಾದಾ ಸೈಟಿನವರು ದೂರದ ಟಾರ್ಗೆಟ್ಟಿಗೆ ಮುಂದಿನ ಸೈಟ್ ಸ್ಪಷ್ಟವಾಗಿ ನೋಡಬೇಕೋ ಬೇಡವೋ, ಎಷ್ಟು ದೂರದಿಂದ ನೋಡಬೇಕು ಅನ್ನುವುದಕ್ಕೆ ಸರಿಯಾಗಿ ಸಮಯ ಕೊಡಲಿಲ್ಲ. ಮನಸ್ಸಿನ ತಯಾರಿ ಬಗ್ಗೆ ಕೊನೆಗೆ ಹತ್ತು ನಿಮಿಷದ ಮಾತು, ಅದು ಇಲ್ಲದಿದ್ದರೂ ನಡೆಯುತ್ತಿತ್ತು.

ಆದರೆ ಬೇರೆ ಥರದ ಕೋರ್ಸ್‌ಗಳಿಗೆ ಹೋಲಿಸಿದರೆ ಇವು ಸಣ್ಣ ದೂರು. ದೊಡ್ಡ ಪದಕ ಗೆದ್ದವರೊಬ್ಬರ ಕ್ಲಾಸಿಗೂ ಹಿಂದೆ ಹೋಗಿದ್ದೆ. ಕಣ್ಣು ಕುಕ್ಕುವ ಹಾಗೆ ಹೊಡೆದು ತೋರಿಸಿದರು, ನಮ್ಮ ಕೈಯಲ್ಲಿ ರಾಶಿ ಗುಂಡು ಖರ್ಚು ಮಾಡಿಸಿದರು, "ಇನ್ನೂ ಬೇಗ, ಇನ್ನೂ ಬೇಗ" ಅಂದರು. ನಾವು ಯಾಕೆ ನಿಧಾನ ಅಂತ ಮಾತ್ರ ಹೇಳಲಿಲ್ಲ. ಆನ್‌ಲೈನ್ ಕೋಚಿಂಗ್ ಅದಕ್ಕಿಂತ ಎಷ್ಟೋ ವಾಸಿ. ವೀಡಿಯೊ ಕಳಿಸಿದರೆ ಎಲ್ಲಿ ಸಮಯ ಹೋಗುತ್ತಿದೆ ಅಂತ ಗುರುತು ಹಾಕಿ ಕಳಿಸುತ್ತಾರೆ. ಓಟಕ್ಕೆ, ಡ್ರಾಗೆ (ಹೋಲ್‌ಸ್ಟರ್‌ನಿಂದ ಪಿಸ್ತೂಲ್ ತೆಗೆಯುವುದಕ್ಕೆ) ಅದು ಸಾಕು. ಗ್ರಿಪ್‌ಗೆ ಸಾಲದು.

ಕೋರ್ಸ್ ಮುಗಿಯುವಾಗ ಪ್ರತಿಯೊಬ್ಬರಿಗೂ ಬೇರೆ ಬೇರೆ ಮನೆಕೆಲಸ ಕೊಟ್ಟರು, ನನಗೆ ತುಂಬಾ ಹಿಡಿಸಿದ್ದು ಇದು. ನನಗೆ ಬಂದಿದ್ದು ಡ್ರೈ ಫೈರ್, ಅಂದರೆ ಗುಂಡಿಲ್ಲದ ಪಿಸ್ತೂಲಿನಲ್ಲಿ ಅಭ್ಯಾಸ, ದಿನಕ್ಕೆ ಕಾಲು ಗಂಟೆ: ಡ್ರಾ, ಒಂದು ಟಾರ್ಗೆಟ್ಟಿನಿಂದ ಇನ್ನೊಂದಕ್ಕೆ ಕಣ್ಣು ಮೊದಲು ಹೋಗಿ ಪಿಸ್ತೂಲ್ ಆಮೇಲೆ ಹೋಗುವ ಅಭ್ಯಾಸ, ಎಡಗೈ ಒತ್ತಡ. ಡ್ರೈ ಫೈರ್ ಮಾಡುವ ಕೋಣೆಯಲ್ಲಿ ಒಂದು ಗುಂಡೂ ಇರಬಾರದು, ಮ್ಯಾಗಜೀನ್ ಒಂದೊಂದನ್ನೂ ಕಣ್ಣಿಟ್ಟು ನೋಡಬೇಕು, ಚೇಂಬರ್ ನೋಡಿ ಬೆರಳು ಹಾಕಿಯೂ ಖಚಿತ ಮಾಡಿಕೊಳ್ಳಬೇಕು, ಆಗಲೂ ನಳಿಗೆ ಗುಂಡು ತಡೆಯಬಲ್ಲ ಗೋಡೆಯ ಕಡೆಗೇ ಇರಬೇಕು. ಇದನ್ನು ಅವರು ಎಷ್ಟು ಸಲ ಹೇಳಿದರೋ, ನಾನೂ ಹೇಳುತ್ತೇನೆ. ಇನ್ನೊಂದು ಮಾತು ನೆನಪಿಡಿ ಅಂದರು: ಖಾಲಿ ಪಿಸ್ತೂಲ್ ಒದೆಯುವುದಿಲ್ಲ, ಹಾಗಾಗಿ ಮನೆಯಲ್ಲಿ ಎಲ್ಲರೂ ಸಡಿಲವಾಗಿ ಹಿಡಿಯುತ್ತಾರೆ, ತಿಂಗಳುಗಟ್ಟಲೆ ಆ ಸಡಿಲ ಹಿಡಿತವನ್ನೇ ಅಭ್ಯಾಸ ಮಾಡಿಕೊಂಡು ರೇಂಜಿಗೆ ಬರುತ್ತಾರೆ. ಸಮಯ ಮುಗಿಯಿತು ಅಂತ ಹೇಳುವ ಟೈಮರ್‌ನ ಎರಡನೇ ಬೀಪ್ ಒಳಗೆ ಮುಗಿಸಬೇಕು ಅಂತ ಟ್ರಿಗರ್ ಕಿತ್ತು ಎಳೆಯುವುದಕ್ಕಿಂತ ಬೀಪ್ ತಪ್ಪಿದರೂ ಸರಿಯಾಗಿ ಮಾಡಿ. ಈ ಮನೆಕೆಲಸವನ್ನು ಒಂದು ಹಾಳೆಯಲ್ಲಿ ಬರೆದು ಕೊಟ್ಟಿದ್ದರೆ ಚೆನ್ನಾಗಿತ್ತು. ಬಾಯಲ್ಲೇ ಹೇಳಿದರು, ಬರೆದುಕೊಳ್ಳದವರು ಮರೆತಿರುತ್ತಾರೆ.

ಯಾರು ಹೋಗಬಹುದು? ಹೋಲ್‌ಸ್ಟರ್‌ನಿಂದ ಸುರಕ್ಷಿತವಾಗಿ ಪಿಸ್ತೂಲ್ ತೆಗೆಯಲು ಬರುವವರು, ಮ್ಯಾಚ್ ಆಡಿ ಅಭ್ಯಾಸ ಇರುವವರು, ಅಂಕ ಒಂದೇ ಕಡೆ ನಿಂತುಬಿಟ್ಟವರು ಕಣ್ಣು ಮುಚ್ಚಿ ಸೇರಬಹುದು. ಮೊದಲ ಸಲ ಪಿಸ್ತೂಲ್ ಹಿಡಿಯುವವರಿಗೆ ಇದು ಬೇಡ, ಮೊದಲು ಕ್ಲಬ್ಬಿನ ಸುರಕ್ಷತಾ ಕೋರ್ಸ್ ಮುಗಿಸಿ ಬನ್ನಿ. ದುಡ್ಡು ಕಟ್ಟುವ ಮುಂಚೆ ಯಾವ ಕೋಚ್ ಆದರೂ ಸರಿ, ಬ್ಯಾಚಿನಲ್ಲಿ ಎಷ್ಟು ಜನ, ಸಹಾಯಕರು ಇದ್ದಾರಾ, ಕೋರ್ಸ್ ಆದ ಮೇಲೆ ವೀಡಿಯೊ ಕಳಿಸಿದರೆ ನೋಡುತ್ತಾರಾ ಅಂತ ಕೇಳಿ. ಎಡಗೈಯವರಾದರೆ ಅದನ್ನು ಮೊದಲೇ ಹೇಳಿಬಿಡಿ. ಹೇಳಿದ್ದಕ್ಕಿಂತ ಒಂದೆರಡು ಮ್ಯಾಗಜೀನ್ ಜಾಸ್ತಿ ತೆಗೆದುಕೊಂಡು ಹೋಗಿ, ಇಲ್ಲದಿದ್ದರೆ ನಿಮ್ಮ ಸರದಿ ಬಂದಾಗ ಗುಂಡು ತುಂಬುತ್ತಾ ಕೂರಬೇಕಾಗುತ್ತದೆ. ಇದೇ ಕೋಚ್ ಮ್ಯಾಚ್ ದಿನವೇ ಜೊತೆಗಿದ್ದು ಪ್ರತಿ ಸ್ಟೇಜ್ ಆದ ಮೇಲೆ ಮಾತಾಡುವ ಮುಂದಿನ ಹಂತದ ಕೋರ್ಸ್ ಒಂದನ್ನು ನಡೆಸುತ್ತಾರಂತೆ. ಬ್ಯಾಚ್ ಸಣ್ಣದಿದ್ದರೆ ನಾನು ಅದಕ್ಕೂ ಹೆಸರು ಕೊಡುತ್ತೇನೆ.